ತೊಳೆಯುವ ಅವಸರ ಬೇಡ

ಊರು ಬಿಡುವವರಿಂದ ಹಳೆಯ ಸಮುದ್ರದ ನೀರಿನ ಅಕ್ವೇರಿಯಂ ಕೊಳ್ಳಲು ಹೊರಟಿರುವ ಬೆಂಗಳೂರಿನ ಗೆಳೆಯ ಗೆಳತಿಯರಿಗೆ,



ಬೇಸಿಗೆ ರಜೆ ಬಿದ್ದ ಕೂಡಲೇ ಈ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಮನೆ ಖಾಲಿ ಮಾಡುವವರ ಭರಾಟೆ ಶುರುವಾಗುತ್ತದೆ. ಸೋಫಾ, ವಾಷಿಂಗ್ ಮಷೀನು, ಮಕ್ಕಳ ಸೈಕಲ್ಲುಗಳ ನಡುವೆ ಒಮ್ಮೊಮ್ಮೆ ನಾಲ್ಕಡಿಯ ಗಾಜಿನ ತೊಟ್ಟಿಯ ಫೋಟೊ ಕಾಣುತ್ತದೆ: ‘ಮರೀನ್ ಟ್ಯಾಂಕ್, ಮೀನು, ಕಲ್ಲು, ಸ್ಟ್ಯಾಂಡು ಸಮೇತ. ಸ್ವಲ್ಪ ಕ್ಲೀನ್ ಮಾಡಿಕೊಂಡರೆ ಸಾಕು.’ ಗಾಜಿನ ತುಂಬ ಪಾಚಿ, ಅಂಚಿನಲ್ಲೆಲ್ಲ ಉಪ್ಪು ಕಟ್ಟಿದ ಬಿಳಿ ಹಕ್ಕಳೆ, ಮಸುಕು ನೀರಿನಲ್ಲಿ ಎರಡು ಕಿತ್ತಳೆ ಬಣ್ಣದ ಮೀನು. ಬೆಲೆ ನೋಡಿದರೆ ಹೊಸದರ ಕಾಲುಭಾಗವೂ ಇಲ್ಲ. ನೀವು ಆಗಲೇ ಟಾಟಾ ಏಸ್‌ನವನಿಗೆ ಫೋನ್ ಮಾಡಲು ಹೊರಟಿದ್ದೀರಿ.

ಮಾಡಿ, ತಪ್ಪೇನಿಲ್ಲ. ಅಂಥದೊಂದು ತೊಟ್ಟಿ ನಮ್ಮ ಮನೆಯ ಹಜಾರದಲ್ಲೂ ಇದೆ. ನನ್ನ ತಕರಾರು ಇರುವುದು ಆ ‘ಸ್ವಲ್ಪ ಕ್ಲೀನ್’ ಎಂಬ ಮಾತಿನ ಬಗ್ಗೆ. ತಿಂಗಳುಗಟ್ಟಲೆ ಯಾರೂ ತಿರುಗಿ ನೋಡದೆ ಬಿಟ್ಟಾಗಲೂ ಜೀವ ಹಿಡಿದುಕೊಂಡಿದ್ದ ಮೀನು ಹೊಸ ಮನೆಗೆ ಬಂದ ಮೊದಲ ವಾರದಲ್ಲೇ, ಹೊಸ ಯಜಮಾನರ ಅಕ್ಕರೆಯ ಕೈಯಲ್ಲೇ ಸಾಯುವುದನ್ನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದ್ದೇನೆ. ಕೊಳಕು ನೀರಲ್ಲಿ ಬದುಕಿದ್ದು ಶುಭ್ರ ನೀರಲ್ಲಿ ಸತ್ತಿತಲ್ಲ ಎಂದು ಅವರಿಗೆ ಆಶ್ಚರ್ಯ. ಆಶ್ಚರ್ಯಪಡುವಂಥದ್ದು ಅದರಲ್ಲೇನೂ ಇಲ್ಲ.

ಸಮುದ್ರದ ನೀರಿನ ಪಿಎಚ್ 8.1ರ ಆಸುಪಾಸು ಇರುತ್ತದೆ. ನೀರು ಬದಲಿಸದೆ ಬಿಟ್ಟ ತೊಟ್ಟಿಯಲ್ಲಿ ಮೀನಿನ ಹೊಲಸು, ತಿನ್ನದೆ ಉಳಿದ ಮೇವು ಕೊಳೆಯುತ್ತ ಹುಟ್ಟುವ ಆಮ್ಲ, ನೀರಿನ ಕ್ಷಾರದ ಬಲವನ್ನು ದಿನಾ ಒಂದಿಷ್ಟು ತಿಂದುಹಾಕುತ್ತದೆ. ಪಿಎಚ್ ಮೆಲ್ಲಗೆ ಇಳಿದು 7.6ಕ್ಕೋ ಅದಕ್ಕೂ ಕೆಳಕ್ಕೋ ಬಂದು ನಿಲ್ಲುತ್ತದೆ. ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಅಂಥ ನೀರಿನಲ್ಲಿ ಮಂಕಾಗುತ್ತವೆ, ಅಮೋನಿಯ ನೀರಲ್ಲೇ ಉಳಿಯುತ್ತದೆ. ಆದರೆ ಇಳಿದ ಪಿಎಚ್‌ನಲ್ಲಿ ಅದರ ಬಹುಪಾಲು ಅಮೋನಿಯಂ ಎಂಬ ಸಾಧು ರೂಪದಲ್ಲಿರುವುದರಿಂದ ಮೀನಿನ ಕಿವಿರಿಗೆ ಅಷ್ಟು ತಾಗುವುದಿಲ್ಲ. ಈಗ ನೀವು ಬಂದು ಅರ್ಧಕ್ಕರ್ಧ ನೀರು ಚೆಲ್ಲಿ, 8.3 ಪಿಎಚ್‌ನ ಹೊಚ್ಚಹೊಸ ನೀರು ಸುರಿಯುತ್ತೀರಿ. ಪಿಎಚ್ 7.6ರಿಂದ 8.3ಕ್ಕೆ ಜಿಗಿದರೆ ಅದೇ ಅಮೋನಿಯದಲ್ಲಿ ವಿಷರೂಪಕ್ಕೆ ತಿರುಗುವ ಪಾಲು ನಾಲ್ಕು ಪಟ್ಟು ಮೀರುತ್ತದೆ. ಅರ್ಧ ಚೆಲ್ಲಿದ್ದರಿಂದ ಅಮೋನಿಯ ಅರ್ಧವಾಯಿತು ಅಂತಲೇ ಇಟ್ಟುಕೊಳ್ಳಿ; ಆದರೂ ಮೀನಿನ ಮೈಗೆ ತಾಗುವ ವಿಷ ಎರಡು ಪಟ್ಟು. ಸಂಜೆಗೆ ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿರುತ್ತದೆ.

ಉಪ್ಪಿನದೂ ಇದೇ ಕಥೆ. ನನಗೆ ತೊಟ್ಟಿ ಕೊಟ್ಟವರ ಮಗ ವಿದೇಶಕ್ಕೆ ಹೋಗಿ ವರ್ಷದ ಮೇಲಾಗಿತ್ತು. ತೊಟ್ಟಿ ನೋಡಿಕೊಳ್ಳುತ್ತಿದ್ದವರು ಆ ಮಗನ ತಾಯಿ, ಮೊಣಕಾಲು ನೋವಿನ ಹಿರಿಯರು. ನೀರು ಆರಿ ಕಡಿಮೆಯಾದಾಗಲೆಲ್ಲ ಸ್ಟೂಲಿನ ಮೇಲೆ ಕಷ್ಟಪಟ್ಟು ಹತ್ತಿ ಎರಡು ಬಿಂದಿಗೆ ನೀರು ತುಂಬುತ್ತಿದ್ದರು. “ಸಮುದ್ರದ ಮೀನಲ್ಲವೇನಪ್ಪ, ಉಪ್ಪು ಕಮ್ಮಿ ಆಗಬಾರದು ಅಂತ ಪ್ರತಿಸಲ ಒಂದು ಬಟ್ಟಲು ಆ ಡಬ್ಬದ ಉಪ್ಪೂ ಹಾಕ್ತಿದ್ದೆ” ಅಂದರು. ಆರಿಹೋಗುವುದು ಬರೀ ನೀರು, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ ತೋರಿಸುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಆ ನೀರಿನ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದಾಗ ನೀಲಿ ಗೆರೆ 1.031ರ ಮೇಲೆ ನಿಂತಿತ್ತು. ಇರಬೇಕಾದದ್ದು 1.025 ಅಥವಾ 1.026. ಲೀಟರಿಗೆ 35 ಗ್ರಾಂ ಇರಬೇಕಾದ ಲವಣ 41 ಗ್ರಾಮಿನ ಹತ್ತಿರ. ಆ ನೀರಿಗೆ ಒಗ್ಗಿಹೋಗಿದ್ದ ಎರಡು ಕ್ಲೌನ್ ಮೀನು ಆ ತಾಯಿಯ ಕೈ ಕಂಡ ಕೂಡಲೇ ಗಾಜಿನ ಹತ್ತಿರ ಓಡಿ ಬರುತ್ತಿದ್ದವು.

ಹೀಗಾಗಿ ನನ್ನ ಮೊದಲ ಸಲಹೆ ವಿಚಿತ್ರ ಅನ್ನಿಸಬಹುದು: ದುಡ್ಡು ಕೊಡಿ, ತೊಟ್ಟಿ ತರಬೇಡಿ. ಮಾರುವವರ ಮನೆ ಖಾಲಿಯಾಗಲು ಎರಡು ಮೂರು ವಾರ ಇದೆಯೆಂದರೆ ಅಡ್ವಾನ್ಸ್ ಕೊಟ್ಟು ಅಲ್ಲೇ ಬಿಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹೋಗಿ ಹತ್ತರಲ್ಲೊಂದು ಪಾಲು ನೀರು ಮಾತ್ರ ಬದಲಿಸಿ. ಉಪ್ಪು ಹೆಚ್ಚಿದ್ದರೆ ಆ ಪಾಲಿಗೆ ಉಪ್ಪು ಕಡಿಮೆ ಹಾಕಿ, ಗೆರೆ ಮೆಲ್ಲಗೆ ಕೆಳಗಿಳಿಯಲಿ. ನಾನು ಭಾನುವಾರಗಳಂದು ಕ್ಯಾನು ಹೊತ್ತುಕೊಂಡು ಹೋದಾಗ ಆ ತಾಯಿ ಕಾಫಿ ಕೊಟ್ಟು, ತೊಟ್ಟಿಯ ಚರಿತ್ರೆಯನ್ನೆಲ್ಲ ಹೇಳಿದರು. ಆ ಚರಿತ್ರೆ ನಿಮಗೂ ಬೇಕು.

ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಒಂದು ತಾಮ್ರದ್ದು. ಮೀನಿನ ಮೈಮೇಲೆ ಬಿಳಿ ಚುಕ್ಕೆ ರೋಗ ಬಂದಾಗ ಹಲವರು ತೊಟ್ಟಿಗೇ ತಾಮ್ರದ ಔಷಧಿ ಸುರಿದುಬಿಡುತ್ತಾರೆ. ನಮ್ಮ ಅಡಿಕೆ ತೋಟದವರಿಗೆ ಗೊತ್ತಿರುವ ಮೈಲುತುತ್ತದ ಕುಲದ್ದೇ ಅದು. ಮೀನು ತಡೆದುಕೊಳ್ಳುತ್ತದೆ, ಸೀಗಡಿ, ಶಂಖದ ಹುಳು, ಹವಳ ತಡೆಯುವುದಿಲ್ಲ. ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿಟ್ಟುಕೊಂಡು ಆಮೇಲೆ ತಿಂಗಳುಗಟ್ಟಲೆ ಬಿಡುತ್ತಿರುತ್ತವೆ. ಔಷಧಿ ಹಾಕಿದ್ದೇವೆ ಅಂದರೆ ಆ ಕಲ್ಲು ನಿಮಗೆ ಬೇಡ.

ಎರಡನೆಯ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ: ಇದೆಲ್ಲ ಎಲ್ಲಿಂದ ಬಂತು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಿತ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳಗಳು, ಸಮುದ್ರ ಬೀಸಣಿಗೆ, ಕಡಲ ಕುದುರೆ, ಸಮುದ್ರ ಸೌತೆ ಎಲ್ಲ ಸೇರಿದವು. ಮನ್ನಾರ್ ಕೊಲ್ಲಿಯಿಂದಲೋ ನಮ್ಮದೇ ನೇತ್ರಾಣಿ ದ್ವೀಪದ ಬುಡದಿಂದಲೋ ಕಿತ್ತು ತಂದ ಹವಳ ಸತ್ತು ಬಿಳಿಚಿಕೊಂಡು ಷೋಕೇಸಿನಲ್ಲಿ ಕೂತಿದ್ದರೂ ಅಪರಾಧವೇ. ಹೊರದೇಶದ ಗಟ್ಟಿ ಹವಳ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಅದಕ್ಕೆ ಕಾಗದಪತ್ರ ಬೇಕು. 2022ರ ತಿದ್ದುಪಡಿಯ ನಂತರ ಅಂಥದ್ದನ್ನು ಇಟ್ಟುಕೊಂಡವರು ನೋಂದಣಿಯನ್ನೂ ಮಾಡಿಸಬೇಕು. ‘ರಾಮೇಶ್ವರದಿಂದ ತಂದದ್ದು ಸಾರ್, ಒರಿಜಿನಲ್’ ಎಂದು ಹೆಮ್ಮೆಯಿಂದ ಹೇಳಿದರೆ ಕೈಮುಗಿದು ಎದ್ದು ಬನ್ನಿ. ಕ್ಲೌನ್ ಮೀನಿಗೆ ಈ ತಾಪತ್ರಯವಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಅದರ ಮರಿ ಮಾಡಿಸುವ ವಿಧಾನವನ್ನು ಪಳಗಿಸಿದ್ದಾರೆ. ಕಡಲಿಗೆ ಕೈ ಹಾಕದೆ ಸಿಗುವ ಮೀನು ಅದು.

ಸಾಗಿಸುವ ಮಾತಿಗೆ ಬರೋಣ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯ ಖಾಲಿ ಗಾಜೇ 50 ಕಿಲೋ ಮೀರುತ್ತದೆ. 230 ಲೀಟರ್ ನೀರು, ಕಲ್ಲು, ಮರಳು, ಕೆಳಗಿನ ಫಿಲ್ಟರ್ ತೊಟ್ಟಿ (ಸಂಪು), ಸ್ಟ್ಯಾಂಡು ಕೂಡಿದರೆ ಒಟ್ಟು 400 ಕಿಲೋ ದಾಟಿತು, ಅದೂ ಆರು ಚದರಡಿ ಜಾಗದ ಮೇಲೆ. ಮನೆಗಳ ನೆಲಕ್ಕೆ ಭಾರತೀಯ ಮಾನಕ ಇಟ್ಟಿರುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ. ಅದು ಇಡೀ ಕೋಣೆಗೆ ಹರಡಿದ ಭಾರದ ಲೆಕ್ಕವಾದ್ದರಿಂದ ಹೆದರಬೇಕಿಲ್ಲ, ಆದರೆ ತೊಟ್ಟಿಯನ್ನು ಹಜಾರದ ನಟ್ಟನಡುವೆ ಇಡದೆ ತೊಲೆ ಹಾದುಹೋಗುವ ಗೋಡೆಗೆ ಒತ್ತಿ ಇಡಿ. ಬಾಲ್ಕನಿ ಬೇಡವೇ ಬೇಡ.

ಹೊರಡುವ ಹಿಂದಿನ ದಿನ ಮೀನಿಗೆ ಮೇವು ನಿಲ್ಲಿಸಿ. ಈ ಊರಿನ ಪ್ರತಿ ಮನೆಯಲ್ಲೂ ಇರುವ 20 ಲೀಟರಿನ ನೀರಿನ ಕ್ಯಾನುಗಳೇ ಇಲ್ಲಿ ನಿಮ್ಮ ಬಂಧುಗಳು, ಅಕ್ಕಪಕ್ಕದವರಿಂದಲೂ ಇಸಿದುಕೊಳ್ಳಿ. ಏನನ್ನೂ ಕದಡುವ ಮುಂಚೆ ಮೇಲಿನ ನೀರನ್ನು ಪೈಪಿನಿಂದ ಎಳೆದು ತುಂಬಿ, ಮುಕ್ಕಾಲು ಪಾಲನ್ನಾದರೂ ತನ್ನಿ. ಅದು ಒಳ್ಳೆಯ ನೀರು ಅಂತಲ್ಲ, ಮೀನಿಗೆ ರೂಢಿಯಾದ ನೀರು. ಕಲ್ಲುಗಳನ್ನು ಆ ನೀರಿನಲ್ಲೇ ಮುಳುಗಿಸಿ ಮುಚ್ಚಳದ ಡ್ರಮ್ಮಿಗೆ ಹಾಕಿ. ನೀರು ಇಷ್ಟಿಷ್ಟೇ ಉಳಿದಾಗ ಮೀನು ತಾನಾಗಿ ಕೈಗೆ ಸಿಗುತ್ತದೆ. ತುಂಬಿದ ತೊಟ್ಟಿಯಲ್ಲಿ ಬಲೆ ಹಿಡಿದು ಅಟ್ಟಾಡಿಸಬೇಡಿ. ಥರ್ಮೋಕೋಲ್ ಪೆಟ್ಟಿಗೆ, ಬ್ಯಾಟರಿಯ ಏರ್ ಪಂಪ್, ಅಷ್ಟಿದ್ದರೆ ವೈಟ್‌ಫೀಲ್ಡಿನಿಂದ ಕೆಂಗೇರಿಯವರೆಗಿನ ಟ್ರಾಫಿಕ್ಕನ್ನೂ ಮೀನು ಸಹಿಸಿಕೊಳ್ಳುತ್ತದೆ. ತಳದಲ್ಲಿ ನಾಲ್ಕು ಬೆರಳು ನೀರು ಇದ್ದರೂ ತೊಟ್ಟಿಯನ್ನು ಎತ್ತಬೇಡಿ, ಸಿಲಿಕೋನ್ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಮರಳನ್ನು ಅಲ್ಲೇ ಬಿಟ್ಟು ಬನ್ನಿ. ಗಾಜಿನ ಬುಡದಲ್ಲಿ ಕಣ್ಣಿಟ್ಟು ನೋಡಿದರೆ ಮರಳಿನ ನಡುವೆ ಬೂದುಗಪ್ಪು ಪಟ್ಟಿಯೊಂದು ಕಾಣುತ್ತದೆ, ಕೆಲವು ಕಡೆ ಇದ್ದಿಲಿನಷ್ಟು ಕಪ್ಪು. ಬೆರಳಿನಿಂದ ಒತ್ತಿದರೆ ಗುಳುಗುಳು ಗಾಳಿ ಎದ್ದು, ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯುತ್ತದೆ. ಆಮ್ಲಜನಕ ತಲುಪದ ಪದರದಲ್ಲಿ ಹುಟ್ಟಿದ ಹೈಡ್ರೋಜನ್ ಸಲ್ಫೈಡ್ ಅದು. ತಳದಲ್ಲಿ ಅಲ್ಲಾಡದೆ ಕೂತಿರುವವರೆಗೆ ಯಾರ ತಂಟೆಗೂ ಬರುವುದಿಲ್ಲ, ಕದಡಿ ಹೊಸ ಮನೆಯಲ್ಲಿ ಸುರಿದರೆ ಒಂದೇ ರಾತ್ರಿಯಲ್ಲಿ ತೊಟ್ಟಿ ಖಾಲಿ. ಹೊಸ ಅರಗೊನೈಟ್ ಮರಳು ತಂದು ತೊಳೆದು, ಎರಡು ಬೆರಳು ದಪ್ಪ ಹರಡಿದರೆ ಸಾಕಾಗುತ್ತದೆ.

ಕಲ್ಲಿನ ವಿಷಯದಲ್ಲಿ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ ನಡೆದುಕೊಳ್ಳಬೇಕು. ತೊಟ್ಟಿಯ ನಿಜವಾದ ಫಿಲ್ಟರು ಆ ಲೈವ್ ರಾಕ್. ಅಮೋನಿಯ ಜೀರ್ಣಿಸುವ ಬ್ಯಾಕ್ಟೀರಿಯಾಗಳು ತೇಲಾಡುವುದು ಕಡಿಮೆ, ಕಲ್ಲಿನ ತೂತು ತೂತಿನಲ್ಲಿ ಅಂಟಿಕೊಂಡಿರುತ್ತವೆ. ಮೊಸರಿಗೆ ಹೆಪ್ಪು ಇದ್ದ ಹಾಗೆ ಹೊಸ ನೀರಿಗೆ ಈ ಹಳೆಯ ಕಲ್ಲು. ಅದನ್ನು ನಲ್ಲಿಯಡಿ ಹಿಡಿದು ತಿಕ್ಕಿದಿರೋ ನಿಮ್ಮ ಕೈಗೆ ಬಂದದ್ದು ಬರೀ ಸುಣ್ಣಕಲ್ಲು. ಅದರ ಮೇಲೆ ಗುಲಾಬಿ, ನೇರಳೆ ಬಣ್ಣದ ಗಟ್ಟಿ ಪದರವಿದ್ದರೆ ಅದನ್ನು ಕೊಳೆ ಅಂದುಕೊಳ್ಳಬೇಡಿ. ಅದು ಕೋರಲೈನ್ ಪಾಚಿ, ಜೀವಂತ. ಉದ್ದ ಕೂದಲಿನ ಹಸಿರು ಪಾಚಿಯನ್ನು ಕೈಯಿಂದ ಕಿತ್ತು, ಹಳೆಯ ಉಪ್ಪುನೀರಿನ ಬಕೆಟ್ಟಿನಲ್ಲೇ ಟೂತ್‌ಬ್ರಶ್‌ನಿಂದ ಬಿಡಿಸಿ. ಪೆಟ್ಟಿಗೆಯಿಂದ ನಿಧಿ ಚೆಲ್ಲುವ ಪ್ಲಾಸ್ಟಿಕ್ ಹಡಗಿದ್ದರೆ ಅದನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ಕಸಕ್ಕೆ ಹಾಕಬಹುದು.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಕಲ್ಲಿನ ಮೇಲೆ ಗುಂಡಿಗಳ ಗುಂಪಿನಂತೆ ಕಾಣುವ ಝೋವಾಂಥಿಡ್, ಪಾಲಿಥೋವ ಎಂಬ ಮೆದುಹವಳಗಳಿರುತ್ತವೆ. ಅವುಗಳಲ್ಲಿ ಕೆಲವುಗಳೊಳಗೆ ಪ್ಯಾಲಿಟಾಕ್ಸಿನ್ ಇದೆ. 1971ರಲ್ಲಿ ಹವಾಯಿಯ ಪಾಲಿಥೋವದಿಂದ ಬೇರ್ಪಡಿಸಿದ, ಗೊತ್ತಿರುವ ಅತಿ ಘೋರ ವಿಷಗಳಲ್ಲೊಂದು. ಕಲ್ಲನ್ನು ಕುದಿಸಿದರೆ, ಬಿಸಿನೀರು ಹೊಯ್ದು ತಿಕ್ಕಿದರೆ ಅದು ಹಬೆಯಲ್ಲಿ ತೇಲಿ ಉಸಿರಿಗೆ ಹೋಗುತ್ತದೆ. ಹೊರದೇಶಗಳಲ್ಲಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕುದಿಸಬೇಡಿ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅಡುಗೆಮನೆಯ ಸಿಂಕಿಗಂತೂ ಈ ಕಲ್ಲು ಬರಲೇಬಾರದು.

ಗಾಜು, ಪಂಪು, ಹೊಲಸನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಇವುಗಳನ್ನು ಎಷ್ಟು ಬೇಕಾದರೂ ಉಜ್ಜಿ. ಗಟ್ಟಿಯಾದ ಸುಣ್ಣವೆಲ್ಲ ವಿನೆಗರಿನಲ್ಲಿ ರಾತ್ರಿಯಿಡೀ ನೆನೆದರೆ ತಾನೇ ಬಿಡುತ್ತದೆ. ಸೋಪು ಮುಟ್ಟಿಸಬೇಡಿ.

ನೀರು ಎಲ್ಲಿಂದ? ಬೋರ್‌ವೆಲ್ಲಿನ ಗಡಸು ನೀರಾಗಲಿ ಕ್ಲೋರಿನ್ ಬೆರೆತ ಕಾವೇರಿಯಾಗಲಿ ನೇರ ಆಗದು. ಆರ್‌ಒ, ಅದರ ಮುಂದೆ ಉಳಿದ ಲವಣ ಹಿಡಿದುಕೊಳ್ಳುವ ಡಿಐ ರೆಸಿನ್ ಹಾದು ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಒಂದು ಬಕೆಟ್ ಒಳ್ಳೆಯ ನೀರಿಗೆ ಎರಡು ಮೂರು ಬಕೆಟ್ ಹೊರಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಬೆಳಗಿನ ಜಾವ ಎದ್ದು ಕಾದವರು ನಾವು. ಆರ್‌ಒದಿಂದ ಹೊರಗೆ ಹೋಗುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಬಾತ್‌ರೂಮಿಗೆ ಬಳಸದಿದ್ದರೆ ಈ ಹವ್ಯಾಸವನ್ನು ಅಕ್ಕಪಕ್ಕದವರ ಮುಂದೆ ಸಮರ್ಥಿಸಿಕೊಳ್ಳುವುದು ಕಷ್ಟ. ಮಂಗಳೂರು, ಉಡುಪಿಯಲ್ಲಿರುವ ನಮ್ಮ ನೆಂಟರು ‘ನಮಗೇನು, ಕಡಲೇ ಇದೆ’ ಅನ್ನುತ್ತಾರೆ. ನಿಜ, ಆದರೆ ಮಳೆಗಾಲದಲ್ಲಿ ನೇತ್ರಾವತಿ, ಸ್ವರ್ಣಾ ತುಂಬಿ ಬಂದು ಸೇರಿದಾಗ ದಡದ ನೀರಿನ ಉಪ್ಪು ಬಹಳ ಇಳಿದಿರುತ್ತದೆ. ಅವರೂ ಅಳೆದೇ ತುಂಬಬೇಕು.

ಅಂಗಡಿಯ ಅಯೋಡಿನ್ ಉಪ್ಪು ಸಮುದ್ರವಾಗುವುದಿಲ್ಲ. ಸಮುದ್ರದ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸುಮಾರು ಶೇ. 86 ಮಾತ್ರ. ಉಳಿದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಇಲ್ಲದೆ ಯಾವ ಹವಳವೂ ಬೆಳೆಯದು. ಅಕ್ವೇರಿಯಂ ಉಪ್ಪನ್ನೇ ತಂದು, ಹಿಂದಿನ ದಿನವೇ ಡ್ರಮ್ಮಿನಲ್ಲಿ ಕಲಸಿ, ಪಂಪು ಬಿಟ್ಟು ತಿರುಗಿಸಿ. ತೊಟ್ಟಿಯೊಳಗೆ ನೇರ ಸುರಿಯಬೇಡಿ. ಮೊದಲ ದಿನದ ಹೊಸ ನೀರಿನ ಉಪ್ಪು ಹಳೆಯ ನೀರಿಗೆ ಸಮನಾಗಿರಲಿ, ಪುಸ್ತಕದ 1.025ಕ್ಕಲ್ಲ. ಸರಿ ಲೆಕ್ಕಕ್ಕೆ ಬರಲು ಮುಂದೆ ವಾರಗಳಿವೆ.

ಆ ವಾರಗಳು ಬೇಸರದವು. ಲೈಟು ಕಡಿಮೆ, ಮೇವು ಒಂದು ಚಿಟಿಕೆ, ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು. ದಿನವೂ ಅಮೋನಿಯ ಪರೀಕ್ಷೆ; ಏರಿದರೆ ಅದನ್ನು ಕಟ್ಟಿಹಾಕುವ ಕಂಡೀಷನರ್ ಮನೆಯಲ್ಲಿರಲಿ. ಗಾಜಿನ ಮೇಲೆ ಮೊದಲು ಕಂದು ಪುಡಿ ಹತ್ತುತ್ತದೆ, ಆಮೇಲೆ ಹಸಿರು. ಬಂದ ನೆಂಟರು ‘ಇದೇನು ಇಷ್ಟು ಗಲೀಜು’ ಅನ್ನುತ್ತಾರೆ, ಅನ್ನಲಿ. ವರ್ಷಗಟ್ಟಲೆ ಕಲ್ಲು ಹೀರಿಟ್ಟುಕೊಂಡ ಫಾಸ್ಫೇಟ್ ತಿಂಗಳುಗಳ ಕಾಲ ಹೊರಬರುತ್ತಲೇ ಇರುವುದರಿಂದ ಪಾಚಿಯನ್ನು ಒಂದೇ ದಿನ ಗೆಲ್ಲಲು ಆಗುವುದಿಲ್ಲ. ಸಂಪಿನಲ್ಲಿ ಕೀಟೊಮಾರ್ಫ ಎಂಬ ತಂತಿಪಾಚಿ ಬೆಳೆಸಿದರೆ ಆ ಫಾಸ್ಫೇಟನ್ನು ಅದು ಉಣ್ಣುತ್ತದೆ. ಈ ಅವಧಿಯಲ್ಲಿ ಅಂಗಡಿ ಕಡೆ ತಲೆ ಹಾಕಬೇಡಿ. ನೀಲಿ ಟ್ಯಾಂಗ್ ಮೀನೊಂದನ್ನು ತರಬೇಕು ಅನ್ನಿಸುವುದು ಸರಿಯಾಗಿ ಇದೇ ಹೊತ್ತಿನಲ್ಲಿ.

ಅಮೋನಿಯ ಸೊನ್ನೆಗೆ ನಿಂತು, ಪಿಎಚ್ ತನ್ನ ಜಾಗಕ್ಕೆ ಬಂದ ಮೇಲೆ ಪೀಡೆಗಳ ಕಡೆ ನೋಡಬಹುದು. ಬಿಟ್ಟ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಐಪ್ಟೇಸಿಯಾ ಎಂಬ ಕಡಲ ಅನಿಮೋನ್ ಇರುತ್ತದೆ: ಉಗುರಿನಷ್ಟು ಎತ್ತರದ ಕಂದು ಕಾಂಡ, ತುದಿಯಲ್ಲಿ ಅರೆಪಾರದರ್ಶಕ ಎಳೆಗಳು. ನೋಡಲು ಚೆಂದ. ಬೆರಳು ಹತ್ತಿರ ಬಂದರೆ ಸರಕ್ಕನೆ ತೂತಿನೊಳಗೆ ಸೇರಿಕೊಳ್ಳುತ್ತದೆ, ಚಿವುಟಿದರೆ ಉಳಿದ ಚೂರುಗಳೆಲ್ಲ ಹೊಸ ಐಪ್ಟೇಸಿಯಾಗಳು. ನಾವು ಎಲೆಗೆ ಹಚ್ಚಿಕೊಳ್ಳುವ ಸುಣ್ಣವೇ ಇದಕ್ಕೆ ಮದ್ದು. ಬಣ್ಣ ಪರಿಮಳ ಬೆರೆಸದ ಶುದ್ಧ ಪುಡಿಯನ್ನು ಆರ್‌ಒ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಪಂಪು ನಿಲ್ಲಿಸಿ, ಸಿರಿಂಜಿನಿಂದ ಅದರ ಬಾಯಿಗೇ ಬಿಡಿ. ಆಹಾರ ಬಂತೆಂದು ಎಳೆ ಮಡಚಿಕೊಳ್ಳುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕರಗಿ ಬಿಳಿಯಾಗುತ್ತದೆ. ಸುಣ್ಣ ಪಿಎಚ್ ಏರಿಸುವುದರಿಂದ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ರಾತ್ರಿ ಟಾರ್ಚ್ ಬಿಟ್ಟರೆ ಕಾಣುವ ಮುಳ್ಳುಹುಳುಗಳನ್ನು ಕಂಡು ಮನೆಯವರು ಕಿರುಚಬಹುದು. ಅವು ಹೊಲಸು ತಿನ್ನುವ ಜಾಡಮಾಲಿಗಳು, ಕೆಲಸ ಮಾಡಿಕೊಳ್ಳಲಿ, ಬರಿಗೈಯಲ್ಲಿ ಮುಟ್ಟದಿದ್ದರಾಯಿತು.

ಕರೆಂಟು ಹೋದಾಗ ಏನು ಮಾಡಬೇಕು ಎಂಬ ಮಾತು ಆಡದೆ ಈ ಪತ್ರ ಮುಗಿಯುವುದಿಲ್ಲ; ಅದಕ್ಕೊಂದು ಹಳೆಯ ಪಾಠವಿದೆ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದಿದ್ದರು, ಕಲ್ಲಿನ ಜಾಡಿಯಲ್ಲಿ, ಸ್ಪಂಜಿಗೆ ಸೂಜಿದಾರದಿಂದ ಕಟ್ಟಿ. ಪಂಪಿಲ್ಲದ ಕಾಲ. ದಿನವೂ ತೆರೆದ ಕಿಟಕಿಯ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದು ಮನೆಗೆಲಸದ ಹೆಂಗಸಿನ ಪಾಲಾಯಿತು. ಹವಳ ಬದುಕಿದವು. ಚರಿತ್ರೆಯಲ್ಲಿ ಆ ಕೆಲಸದಾಕೆಯ ಹೆಸರು ಉಳಿದಿಲ್ಲ, ಕೈಚಳಕ ಉಳಿದಿದೆ. ಏಪ್ರಿಲ್ ತಿಂಗಳ ಗುಡುಗು ಮಳೆಗೆ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟರೆ ನೀವು ಮಾಡಬೇಕಾದದ್ದು ಅದನ್ನೇ: ಚೊಂಬಿನಲ್ಲಿ ನೀರೆತ್ತಿ, ಒಂದಡಿ ಮೇಲಿನಿಂದ ಸುರಿಯಿರಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ. ನೀರಿನಲ್ಲಿ ಮೊದಲು ಮುಗಿಯುವುದು ಆಮ್ಲಜನಕ.

ಇಷ್ಟೆಲ್ಲ ಓದಿ ‘ನಮ್ಮಿಂದಾಗದು’ ಅನ್ನಿಸಿದರೆ ಬೇಡ ಅಂದುಬಿಡಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಖಾಲಿ ತೊಟ್ಟಿಯನ್ನು ಮಾತ್ರ ತಂದು, ಮೀನನ್ನು ಈಗಾಗಲೇ ಸಮುದ್ರದ ತೊಟ್ಟಿ ನಡೆಸುತ್ತಿರುವವರಿಗೆ ಒಪ್ಪಿಸುವುದೂ ಒಂದು ದಾರಿ. ಮಲ್ಪೆಗೋ ಪಣಂಬೂರಿಗೋ ಹೋದಾಗ ಕಡಲಿಗೆ ಬಿಟ್ಟು ಬರುತ್ತೇವೆ ಅನ್ನುವ ಪುಣ್ಯದ ಯೋಚನೆಯನ್ನು ಮಾತ್ರ ಬಿಡಿ. ನಮ್ಮ ಕಡೆಯ ಸಮುದ್ರದ ಲಯನ್ ಫಿಶ್ ಫ್ಲಾರಿಡಾದ ನೀರು ಸೇರಿ ಅಲ್ಲಿನ ಸಣ್ಣ ಮೀನುಗಳನ್ನೆಲ್ಲ ಮುಕ್ಕುತ್ತಿರುವುದಕ್ಕೆ ಬಹುಮಟ್ಟಿಗೆ ಇಂಥ ತೊಟ್ಟಿಗಳೇ ಕಾರಣ. ತರುವುದೇ ಆದರೆ ಇದನ್ನೂ ತಿಳಿದಿರಿ: ಕ್ಲೌನ್ ಮೀನು ತೊಟ್ಟಿಯಲ್ಲಿ 20 ವರ್ಷ ದಾಟಿ ಬದುಕಿದ್ದುಂಟು. ಈಗ ಎಲ್‌ಕೆಜಿಯಲ್ಲಿರುವ ನಿಮ್ಮ ಮಗು ಕೆಲಸಕ್ಕೆ ಸೇರಿದ ಮೇಲೂ ಅದು ಅಲ್ಲೇ ಇರಬಹುದು. ಹಾಗಾಗಿ ಮುಂದೆ ಊರು ಬಿಡುವ ಸರದಿ ನಿಮ್ಮದಾದಾಗ ಯಾವ ದಿನ ಎಷ್ಟು ನೀರು ಬದಲಿಸಿದಿರಿ, ಏನು ಔಷಧಿ ಹಾಕಿದಿರಿ ಎಂದು ಬರೆದಿಟ್ಟ ನೋಟ್‌ಬುಕ್ಕನ್ನೂ ತೊಟ್ಟಿಯ ಜತೆಗೆ ಕೊಟ್ಟು ಹೋಗಿ.

ಇಂತಿ,
ನಿಮ್ಮಂತೆಯೇ ಹಳೆಯ ತೊಟ್ಟಿ ಹೊತ್ತು ತಂದವರಲ್ಲೊಬ್ಬ

ವಿ.ಸೂ.: ಪ್ಲಗ್ ಪಾಯಿಂಟ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ವೈರನ್ನು ಮೊದಲು ಆ ಪಾಯಿಂಟಿಗಿಂತ ಕೆಳಕ್ಕೆ ಇಳಿಬಿಟ್ಟು, ಆಮೇಲೆ ಮೇಲೆ ತಂದು ಸಿಕ್ಕಿಸಿ. ಹರಿದು ಬಂದ ಉಪ್ಪುನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ತೊಟ್ಟಿಯ ಲೈನಿಗೆ, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಆರ್‌ಸಿಸಿಬಿ ಇದೆಯೋ ಇಲ್ಲವೋ ಎಂದು ಎಲೆಕ್ಟ್ರಿಶಿಯನ್ನನ್ನು ಕರೆಸಿ ಕೇಳಿ, ಮೀನು ತರುವ ಮೊದಲೇ.